ಮೊದಲು ಫೈಲು, ಆಮೇಲೆ ತಂತ್ರಾಂಶ, ಕೊನೆಗೆ ವಿಂಡೋಸ್

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ಹಾಗೆಂದು ಯಾವ ಕಂಪ್ಯೂಟರೂ ಅಂದು ಕೆಟ್ಟು ಕೂರಲಿಲ್ಲ. ನಮ್ಮ ಉಡುಪಿ ಜಿಲ್ಲೆಯ ಪರ್ಕಳ ಪೇಟೆಯ ಝೆರಾಕ್ಸ್ ಅಂಗಡಿ, ಕಾಪುವಿನ ಸ್ಟುಡಿಯೋ, ಕಾರ್ಕಳದ ಪ್ರೆಸ್ಸು, ಮಣಿಪಾಲದ ವಿದ್ಯಾರ್ಥಿಗಳ ಬಾಡಿಗೆ ಕೋಣೆ ಎಲ್ಲೆಡೆಯೂ ಹಳೆಯ ಯಂತ್ರ ಬೆಳಿಗ್ಗೆ ಎಂದಿನಂತೆಯೇ ತೆರೆದುಕೊಳ್ಳುತ್ತದೆ. ನಿಂತದ್ದು ಮುಖ್ಯವಾಗಿ ಭದ್ರತೆಯ ಅಪ್‌ಡೇಟು. ಮೈಕ್ರೋಸಾಫ್ಟ್ ಖಾತೆಯ ಮೂಲಕ ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ ಅದು 2026ರ ಅಕ್ಟೋಬರ್ 13ರ ತನಕ ಸಿಗುತ್ತದೆ. ಆಚೆಗೆ ಆ ದಾರಿಯೂ ಮುಚ್ಚುತ್ತದೆ. ವಿಂಡೋಸ್ 11ಕ್ಕೆ ಏರೋಣವೆಂದರೆ ಟಿಪಿಎಂ 2.0 ಚಿಪ್ ಬೇಕು, ಇಂಟೆಲ್ ಪ್ರೊಸೆಸರಾದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನದೋ ಅದರ ನಂತರದ್ದೋ ಆಗಿರಬೇಕು. 2017ಕ್ಕಿಂತ ಮೊದಲು ಕೊಂಡ ಯಂತ್ರಗಳಲ್ಲಿ ಹೆಚ್ಚಿನವು ಈ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ಆದ್ದರಿಂದ ಈಗ ಬಹಳ ಮಂದಿಯ ಮುಂದಿರುವುದು ಮೂರೇ ದಾರಿ: ಹೊಸ ಕಂಪ್ಯೂಟರ್ ಕೊಳ್ಳುವುದು, ಅಪ್‌ಡೇಟ್ ಇಲ್ಲದೆಯೇ ದಿನ ದೂಡುವುದು, ಇಲ್ಲವೇ ಇದ್ದ ಯಂತ್ರಕ್ಕೇ ಲಿನಕ್ಸ್ ಮತ್ತು ಮುಕ್ತ ತಂತ್ರಾಂಶ ಹಾಕಿಕೊಳ್ಳುವುದು.

ಮೂರನೆಯ ದಾರಿ ಹಿಡಿಯುವವರಿಗೆ ಈ ಲೇಖನ. ಇದರಲ್ಲಿ ಹೇಳಬೇಕಾದ ಮಾತು ಮುಖ್ಯವಾಗಿ ಒಂದೇ. ನಮ್ಮ ಕಡೆ ಈ ಬದಲಾವಣೆ ಕೈಗೂಡುವುದೂ ಕೈಕೊಡುವುದೂ ಅದನ್ನು ಯಾವ ಅನುಕ್ರಮದಲ್ಲಿ ಮಾಡುತ್ತೇವೆ ಎಂಬುದರ ಮೇಲೆ ನಿಂತಿದೆ. ಯಾರೋ ಪರಿಚಿತರು ಬಂದು ವಿಂಡೋಸ್ ಅಳಿಸಿ ಲಿನಕ್ಸ್ ಹಾಕಿಕೊಟ್ಟು ಹೋದರೆ, ಮರುದಿನ ಹಳೆಯ ಆಮಂತ್ರಣ ಪತ್ರಿಕೆಯ ಫೈಲು ತೆರೆಯುವುದಿಲ್ಲ, ಪ್ರಿಂಟರ್ ಮಾತಾಡುವುದಿಲ್ಲ, ಕನ್ನಡ ಟೈಪಿಂಗ್ ಎಲ್ಲಿದೆಯೆಂದು ಗೊತ್ತಾಗುವುದಿಲ್ಲ. ವಾರದೊಳಗೆ ಹಳೆಯ ವಿಂಡೋಸ್ ಮತ್ತೆ ಬಂದು ಕೂರುತ್ತದೆ, ಲಿನಕ್ಸ್ ನಮ್ಮಂಥವರಿಗಲ್ಲ ಎಂಬ ತೀರ್ಮಾನವೂ ಜತೆಗೆ ಬರುತ್ತದೆ. ಮೊದಲು ಫೈಲುಗಳನ್ನು ಸರಿಪಡಿಸಿಕೊಂಡು, ಆಮೇಲೆ ವಿಂಡೋಸ್‌ನಲ್ಲಿದ್ದುಕೊಂಡೇ ತಂತ್ರಾಂಶಗಳನ್ನು ಬದಲಿಸಿ, ಎಲ್ಲಕ್ಕೂ ಕೊನೆಗೆ ವಿಂಡೋಸನ್ನು ಬಿಟ್ಟರೆ ಈ ತೊಂದರೆಗಳಲ್ಲಿ ಹೆಚ್ಚಿನವು ಎದುರಾಗುವುದೇ ಇಲ್ಲ. ಎದುರಾದರೂ ಒಂದೊಂದಾಗಿ ಬರುತ್ತವೆ, ಒಂದೇ ದಿನ ಮೈಮೇಲೆ ಬೀಳುವುದಿಲ್ಲ.

ಫೈಲುಗಳೇ ಮೊದಲು ಎನ್ನಲು ಕಾರಣ ಕನ್ನಡ. ಇಂಗ್ಲಿಷಿನಲ್ಲಷ್ಟೇ ಕೆಲಸ ಮಾಡುವವರಿಗೆ ಈ ಕಷ್ಟ ಇಲ್ಲವೇ ಇಲ್ಲ. ನಮ್ಮ ಡಿಟಿಪಿ ಅಂಗಡಿ, ಶಾಲೆ, ದೇವಸ್ಥಾನದ ಆಡಳಿತ ಮಂಡಳಿ, ಯುವಕ ಮಂಡಲಗಳ ಕಂಪ್ಯೂಟರುಗಳಲ್ಲಿ ವರ್ಷಗಟ್ಟಲೆ ಕೂಡಿಬಿದ್ದಿರುವ ಫೈಲುಗಳು ಬಹುಪಾಲು ನುಡಿ, ಬರಹ ಅಥವಾ ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿವೆ. ಆ ಫಾಂಟುಗಳು ಬಂದ ಕಾಲದಲ್ಲಿ ಕಂಪ್ಯೂಟರಿಗೆ ಕನ್ನಡವೆಂಬ ಲಿಪಿಯ ಅರಿವಿರಲಿಲ್ಲ. ಹಾಗಾಗಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದರು. ಫೈಲಿನೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳು ಮತ್ತು ತಲೆಯ ಮೇಲೆ ಗೆರೆ-ಚುಕ್ಕಿ ಹೊತ್ತ ಕೆಲವು ಯುರೋಪಿನ ಅಕ್ಷರಗಳು. ಫಾಂಟು ಇದ್ದರೆ ಮಾತ್ರ ಅವು ಕಣ್ಣಿಗೆ ಕನ್ನಡವಾಗಿ ಕಾಣುತ್ತವೆ. ಫಾಂಟಿಲ್ಲದ ಯಂತ್ರದಲ್ಲಿ, ಫೋನಿನಲ್ಲಿ, ವಾಟ್ಸ್ಆ್ಯಪ್‌ನಲ್ಲಿ ಅದೇ ಫೈಲು ಓದಲಾಗದ ಗೀಚಾಗುತ್ತದೆ, ಹುಡುಕಿದರೆ ಒಂದು ಪದವೂ ಸಿಗುವುದಿಲ್ಲ. ಲಿನಕ್ಸ್ ಹಾಕಿದೊಡನೆ ಕನ್ನಡವೆಲ್ಲ ಹಾಳಾಯಿತು ಎನ್ನುವವರು ನೋಡುತ್ತಿರುವುದು ಇದನ್ನೇ. ಹಾಳಾದದ್ದು ಅಂದಲ್ಲ. ಆ ಫೈಲು ಹುಟ್ಟಿದ ದಿನದಿಂದಲೂ ಒಂದು ಫಾಂಟಿನ ಹಂಗಿನಲ್ಲೇ ಇತ್ತು. ಕನ್ನಡಕ್ಕೆ ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಜಾಗವಿದೆ, ನುಡಿಯ ಈಚಿನ ಆವೃತ್ತಿಗಳಲ್ಲೂ ಯೂನಿಕೋಡ್ ಆಯ್ಕೆಯಿದೆ. ಆದರೆ ಹಳೆಯ ಫೈಲನ್ನೇ ತೆರೆದು ಹೆಸರು-ತಾರೀಕು ತಿದ್ದಿ ಹೊಸ ಆಮಂತ್ರಣ ಮಾಡುವ ರೂಢಿ ಇರುವವರೆಗೂ ಹಳೆಯ ಫಾಂಟೂ ಜೀವಂತವಾಗಿರುತ್ತದೆ.

ಆದ್ದರಿಂದ ಮೊದಲ ಕೆಲಸ ಪರಿವರ್ತನೆ. ನುಡಿ ಮತ್ತು ಬರಹ ಎರಡರಲ್ಲೂ ಹಳೆಯ ಪಠ್ಯವನ್ನು ಯೂನಿಕೋಡಿಗೆ ಬದಲಿಸುವ ಸೌಲಭ್ಯವಿದೆ. ಅರವಿಂದ ವಿ.ಕೆ. ಅವರು ಬರೆದ ಮುಕ್ತ ಪರಿವರ್ತಕವೂ ಇದೆ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಯಾವುದನ್ನು ಬಳಸಿದರೂ ಕಣ್ಣುಮುಚ್ಚಿ ನಂಬಬಾರದು. ಪರೀಕ್ಷೆಗೆ ನಮ್ಮೂರಿನ ಹೆಸರೇ ಸಾಕು. ಪರ್ಕಳ, ಕಾರ್ಕಳ ಎರಡರಲ್ಲೂ ಅರ್ಕಾವೊತ್ತು ಬರುತ್ತದೆ. ಹಳೆಯ ಫಾಂಟಿನಲ್ಲಿ ಬರವಣಿಗೆ ಕಣ್ಣಿಗೆ ಕಾಣುವ ಸಾಲಿನಲ್ಲೇ ದಾಖಲಾಗುತ್ತದೆ: ಮೊದಲು ಪ, ನಂತರ ಕ, ಅದರ ಬಲಕ್ಕೆ ಅರ್ಕಾವೊತ್ತಿನ ಆಕಾರ. ಯೂನಿಕೋಡ್ ಇಟ್ಟುಕೊಳ್ಳುವುದು ಉಚ್ಚಾರದ ಸಾಲನ್ನು: ಪ, ರ, ಅರ್ಧಾಕ್ಷರದ ಚಿಹ್ನೆ, ಆಮೇಲೆ ಕ. ಪರಿವರ್ತಕವು ಹಿಂದಿನದನ್ನು ಮುಂದಕ್ಕೆ ತಂದು ಕೂರಿಸಬೇಕು. ಅಲ್ಲಿ ಎಡವಿದರೆ ಊರಿನ ಹೆಸರೇ ತಪ್ಪಾಗುತ್ತದೆ. ಇವೆರಡರ ಜೊತೆಗೆ ‘ಬ್ರಹ್ಮಕಲಶೋತ್ಸವ’, ‘ಶ್ರೀಕ್ಷೇತ್ರ’, ‘ರ‍್ಯಾಂಕ್’ ಎಂಬ ಮೂರು ಪದ ಸೇರಿಸಿ ಒಮ್ಮೆ ಪರಿವರ್ತಿಸಿ ನೋಡಿದರೆ ಪರಿವರ್ತಕದ ಯೋಗ್ಯತೆ ತಿಳಿದುಬಿಡುತ್ತದೆ. ಇನ್ನೊಂದು ಎಚ್ಚರಿಕೆ ಬೇಕಾದದ್ದು ಕನ್ನಡದ ನಡುವೆ ಬಂದ ಇಂಗ್ಲಿಷಿನ ವಿಚಾರದಲ್ಲಿ. ಬಿಲ್ಲಿನಲ್ಲಿರುವ ಜಿಎಸ್‌ಟಿ ಸಂಖ್ಯೆ, ಇಮೇಲ್ ವಿಳಾಸ, ಇಂಗ್ಲಿಷಿನಲ್ಲೇ ಅಚ್ಚಾಗಬೇಕಾದ ಹೆಸರು ಇವೆಲ್ಲ ಪರಿವರ್ತಕದ ಕಣ್ಣಿಗೆ ಕನ್ನಡದ ಹಾಗೆಯೇ ಕಂಡು ಅರ್ಥವಿಲ್ಲದ ಅಕ್ಷರಗಳಾಗುತ್ತವೆ. ಅಂಥ ಭಾಗಗಳನ್ನು ಮೊದಲೇ ಬೇರೆ ಮಾಡಿಟ್ಟು, ಉಳಿದದ್ದನ್ನು ಪರಿವರ್ತಿಸಿ, ಮತ್ತೆ ಸೇರಿಸಬೇಕು.

ಇಷ್ಟು ಹೊತ್ತಿಗೆ ಡಿಟಿಪಿ ಮಾಡುವವರು ಕೇಳಬಹುದು: ಹತ್ತು-ಹದಿನೈದು ವರ್ಷದ ಫೈಲುಗಳನ್ನು ಕುಳಿತು ಬದಲಿಸಲು ಯಾರಿಗೆ ಪುರುಸೊತ್ತಿದೆ? ನ್ಯಾಯವಾದ ಪ್ರಶ್ನೆ. ಉತ್ತರ, ಎಲ್ಲವನ್ನೂ ಬದಲಿಸಬೇಕಾಗಿಲ್ಲ. ಕಳೆದ ಎರಡು ವರ್ಷದಲ್ಲಿ ಮತ್ತೆ ಮತ್ತೆ ತೆರೆದ ಫೈಲುಗಳು ಯಾವುವೆಂದು ತಾರೀಕಿನ ಪ್ರಕಾರ ಜೋಡಿಸಿ ನೋಡಿದರೆ ಅವು ಒಟ್ಟಿನ ಸಣ್ಣ ಪಾಲು ಎಂಬುದು ಕಾಣುತ್ತದೆ. ಮದುವೆ, ಗೃಹಪ್ರವೇಶ, ನೇಮೋತ್ಸವ, ವಾರ್ಷಿಕೋತ್ಸವ, ಉತ್ತರಕ್ರಿಯೆ ಹೀಗೆ ಒಂದೊಂದು ಬಗೆಗೆ ಒಂದೊಂದು ಮಾದರಿಯನ್ನು ಯೂನಿಕೋಡಿನಲ್ಲಿ ಹೊಸದಾಗಿ ಮಾಡಿಟ್ಟುಕೊಂಡರೆ ಮುಂದಿನ ಕೆಲಸ ಅದರ ಮೇಲೆಯೇ ನಡೆಯುತ್ತದೆ. ಉಳಿದವನ್ನು ಪಿಡಿಎಫ್ ಮಾಡಿ ಇಡಿ. ನೋಡಲು, ಮರುಮುದ್ರಿಸಲು ಅಷ್ಟು ಸಾಕು. ಈ ಕೆಲಸಕ್ಕೆ ಲಿನಕ್ಸ್ ಬೇಡವೇ ಬೇಡ, ಇದ್ದ ವಿಂಡೋಸ್‌ನಲ್ಲೇ ಆಗುತ್ತದೆ. ಮುಂದೆಂದೂ ಲಿನಕ್ಸಿಗೆ ಹೋಗದವರಿಗೂ ಇದರಿಂದ ಲಾಭವೇ, ಏಕೆಂದರೆ ಅದೇ ಪಠ್ಯವನ್ನು ಗಿರಾಕಿಯ ಫೋನಿಗೆ ಕಳಿಸಿ ತಪ್ಪು ತಿದ್ದಿಸಿಕೊಳ್ಳಬಹುದು.

ಬೆರಳಿನ ಅಭ್ಯಾಸದ ಬಗ್ಗೆ ಇರುವ ಹೆದರಿಕೆಗೆ ಸಮಾಧಾನ ನಮ್ಮ ಜಿಲ್ಲೆಯ ಆಸುಪಾಸಿನಲ್ಲೇ ಇದೆ. ಮಂಗಳೂರು ಬಳಿಯ ಕಿನ್ನಿಕಂಬಳದವರಾದ, ಮಣಿಪಾಲದೊಡನೆ ನಂಟುಳ್ಳ ನಾಡೋಜ ಕೆ.ಪಿ. ರಾವ್ ಅವರು ಕನ್ನಡಕ್ಕಾಗಿ ರೂಪಿಸಿದ ಕೀಲಿಮಣೆಯ ವಿನ್ಯಾಸವೇ ಮುಂದೆ ನುಡಿಯ ಕೀಲಿಮಣೆಗೆ ತಳಹದಿಯಾಯಿತು. ತಮ್ಮ ಕನ್ನಡ ತಂತ್ರಾಂಶಕ್ಕೆ ಅವರು ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟು ಹಂಚಿದರು. ಕನ್ನಡ ಗಣಕ ಕ್ಷೇತ್ರದಲ್ಲಿ ಕೈಗೆಟಕುವ ತಂತ್ರಾಂಶದ ಪರಂಪರೆ ಹೊರಗಿನಿಂದ ಬಂದದ್ದಲ್ಲ ಎಂಬುದನ್ನು ಈ ಭಾಗದ ಓದುಗರು ಅಭಿಮಾನದಿಂದ ನೆನೆಯಬೇಕು. ಆ ವಿನ್ಯಾಸ ಲಿನಕ್ಸ್‌ನಲ್ಲಿ ‘ಕನ್ನಡ ಕಗಪ’ ಎಂಬ ಹೆಸರಿನಲ್ಲಿ ಸಿದ್ಧವಾಗಿಯೇ ಬರುತ್ತದೆ. ಕೀಬೋರ್ಡ್ ಸೆಟ್ಟಿಂಗ್‌ಗೆ ಹೋಗಿ, ಲೇಔಟ್ ಸೇರಿಸುವಲ್ಲಿ ಕನ್ನಡವನ್ನು ಹುಡುಕಿ ಕಗಪ ಆರಿಸಿದರೆ ಮುಗಿಯಿತು. ಪರ್ಕಳ ಎಂದು ಹೊಡೆಯಲು ಪಿ, ಆರ್, ಎಫ್, ಕೆ ಕೀಲಿಗಳು, ಕೊನೆಗೆ ಶಿಫ್ಟ್ ಹಿಡಿದು ಎಲ್. ನುಡಿಯಲ್ಲಿ ಪಳಗಿದ ಬೆರಳಿಗೆ ಹೊಸತೇನೂ ಇಲ್ಲ. ಶಾಲೆಯಲ್ಲಿ ಇನ್‌ಸ್ಕ್ರಿಪ್ಟ್ ಕಲಿತವರಿಗೆ ಅದೂ ಇದೆ. ಫೋನಿನಂತೆ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಕನ್ನಡ ಪಡೆಯುವವರು ಐಬಸ್ ಎಂಬ ತಂತ್ರಾಂಶ ಹಾಕಿಕೊಂಡರೆ ಐಟ್ರಾನ್ಸ್ ಕ್ರಮ ಸಿಗುತ್ತದೆ. ಫಾಂಟುಗಳಲ್ಲಿ ನೋಟೊ, ಲೋಹಿತ್, ಗುಬ್ಬಿ, ನವಿಲು ಇವೆಲ್ಲ ಮುಕ್ತವಾಗಿ ಸಿಗುತ್ತವೆ. ಆದರೆ ಆಮಂತ್ರಣ ಪತ್ರಿಕೆಯ ತಲೆಬರಹಕ್ಕೆ ಬೇಕಾಗುವ ಬಗೆಬಗೆಯ ಅಲಂಕಾರದ ಅಕ್ಷರಗಳು ಯೂನಿಕೋಡ್ ಫಾಂಟುಗಳಲ್ಲಿ ಹಳೆಯ ಫಾಂಟುಗಳಷ್ಟು ಸಿಗುವುದಿಲ್ಲ. ಇದು ನಿಜವಾದ ಕೊರತೆ.

ಎರಡನೆಯ ಹಂತ ತಂತ್ರಾಂಶಗಳದ್ದು, ಇದೂ ವಿಂಡೋಸ್‌ನಲ್ಲಿದ್ದುಕೊಂಡೇ. ಮುಕ್ತ ತಂತ್ರಾಂಶ ಗೊತ್ತೇ ಇಲ್ಲ ಎನ್ನುವವರ ಯಂತ್ರದಲ್ಲೂ ವಿಎಲ್‌ಸಿ ಪ್ಲೇಯರ್ ಇರುತ್ತದೆ. ಯಕ್ಷಗಾನವನ್ನೋ ಭಜನೆಯನ್ನೋ ಯೂಟ್ಯೂಬ್‌ನಲ್ಲಿ ನೇರಪ್ರಸಾರ ಮಾಡುವವರಲ್ಲಿ ಅನೇಕರ ಕೈಯಲ್ಲಿರುವ ಒಬಿಎಸ್ ಸ್ಟುಡಿಯೋ ಕೂಡ ಮುಕ್ತ ತಂತ್ರಾಂಶವೇ. ಅವುಗಳ ಸಾಲಿಗೆ ಲಿಬ್ರೆಆಫೀಸ್ ಸೇರಿಸಿಕೊಳ್ಳಬೇಕು. 2010ರಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದು ಬೆಳೆದ ಈ ತಂತ್ರಾಂಶದಲ್ಲಿ ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್‌ಗಳ ಕೆಲಸ ಆಗುತ್ತದೆ, ಆ ಫೈಲುಗಳೂ ತೆರೆಯುತ್ತವೆ. ಕನ್ನಡದಲ್ಲಿ ಕೆಲಸ ಮಾಡುವವರು ಆರಂಭದಲ್ಲೇ ಮಾಡಬೇಕಾದ ಒಂದು ವ್ಯವಸ್ಥೆಯಿದೆ. ಟೂಲ್ಸ್ ಮೆನುವಿನಲ್ಲಿ ಆಪ್ಷನ್ಸ್‌ಗೆ ಹೋಗಿ ಭಾಷೆಯ ಭಾಗದಲ್ಲಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಆನ್ ಮಾಡಿ ಕನ್ನಡ ಆರಿಸಬೇಕು. ರೈಟರ್‌ನ ಮೂಲ ಫಾಂಟುಗಳಲ್ಲಿ ಇದೇ ವಿಭಾಗಕ್ಕೆ ಬೇರೆಯಾಗಿ ಫಾಂಟು ಮತ್ತು ಗಾತ್ರ ಕೊಡಬೇಕು. ಏಕೆಂದರೆ ಲಿಬ್ರೆಆಫೀಸ್ ಇಂಗ್ಲಿಷಿಗೂ ಕನ್ನಡಕ್ಕೂ ಬೇರೆ ಬೇರೆ ಫಾಂಟಿನ ಲೆಕ್ಕ ಇಡುತ್ತದೆ. ಇದು ತಿಳಿಯದವರಿಗೆ, ಗಾತ್ರ ಹೆಚ್ಚಿಸಿದರೂ ಕನ್ನಡ ಇದ್ದಷ್ಟೇ ಇದೆಯಲ್ಲ ಎಂಬ ಗೊಂದಲ ಆಗುವುದುಂಟು. ಮೇಲಿನ ಪಟ್ಟಿ ವರ್ಡ್‌ನಂತೆ ಇರಬೇಕೆಂದರೆ ವ್ಯೂ ಮೆನುವಿನ ಯೂಸರ್ ಇಂಟರ್‌ಫೇಸ್‌ನಲ್ಲಿ ಟ್ಯಾಬ್ ಇರುವ ಮಾದರಿಯನ್ನು ಆರಿಸಬಹುದು. ಕನ್ನಡದ ಕಾಗುಣಿತ ಪರೀಕ್ಷಕವೂ ದೊರೆಯುತ್ತದೆ, ಆದರೆ ಸಂಧಿ ಮತ್ತು ಪ್ರತ್ಯಯಗಳಿಂದ ನಮ್ಮ ಪದಗಳು ಬೆಳೆಯುವ ರೀತಿಗೆ ಅದರ ಪದಪಟ್ಟಿ ಸಾಲದು. ಸರಿಯಾದ ಪದಕ್ಕೂ ಕೆಂಪು ಗೆರೆ ಎಳೆಯುತ್ತದೆ.

ಹೊರಗಿನವರೊಡನೆ ಫೈಲು ಕೊಟ್ಟು ತೆಗೆದುಕೊಳ್ಳುವಾಗ ಸಾಲು, ಪುಟ ಹೆಚ್ಚುಕಡಿಮೆಯಾಗುತ್ತದೆ ಎಂಬ ದೂರು ಹಳೆಯದು, ಮತ್ತು ಅದರಲ್ಲಿ ಹುರುಳಿದೆ. ಬಹಳ ಸಲ ಇದರ ಮೂಲ ಫಾಂಟು. ವರ್ಡ್‌ನಲ್ಲಿ ಕ್ಯಾಲಿಬ್ರಿಯಲ್ಲಿ ಮಾಡಿದ ಫೈಲು, ಕ್ಯಾಲಿಬ್ರಿ ಇಲ್ಲದ ಯಂತ್ರದಲ್ಲಿ ಬೇರೆ ಅಗಲದ ಅಕ್ಷರ ಪಡೆದು ಹರಿದಾಡುತ್ತದೆ. ಅದೇ ಅಗಲದ ಕಾರ್ಲಿಟೊ ಫಾಂಟನ್ನು ಹಾಕಿಕೊಂಡರೆ ಹೆಚ್ಚಿನ ಕಡೆ ಸಾಲು ಸರಿಯಾಗಿ ಕೂರುತ್ತದೆ. ಕ್ಯಾಂಬ್ರಿಯಾಕ್ಕೆ ಕ್ಯಾಲಡಿಯಾ, ಟೈಮ್ಸ್ ನ್ಯೂ ರೋಮನ್‌ಗೆ ಲಿಬರೇಶನ್ ಸೆರಿಫ್. ಕನ್ನಡದ ಫೈಲು ಕಳಿಸುವಾಗ ಫಾಂಟನ್ನು ಫೈಲಿನೊಳಗೇ ಸೇರಿಸಿ ಉಳಿಸುವ ಅನುಕೂಲವಿದೆ. ಇನ್ನೊಬ್ಬರು ತಿದ್ದಬೇಕಿಲ್ಲದ ಯಾವುದನ್ನೇ ಆದರೂ ಪಿಡಿಎಫ್ ಮಾಡಿಯೇ ಕಳಿಸುವುದು ಒಳ್ಳೆಯದು. ಇಷ್ಟಾದ ಮೇಲೂ ಎಕ್ಸೆಲ್‌ನ ಮ್ಯಾಕ್ರೋ ಇರುವ ಶೀಟುಗಳು, ಉದಾಹರಣೆಗೆ ತೆರಿಗೆ ಲೆಕ್ಕದ ಕೆಲವು ಆಫ್‌ಲೈನ್ ಫಾರಂಗಳು, ಲಿಬ್ರೆಆಫೀಸ್‌ನಲ್ಲಿ ಸರಿಯಾಗಿ ನಡೆಯುತ್ತವೆಂಬ ಭರವಸೆ ಇಟ್ಟುಕೊಳ್ಳಬಾರದು.

ಈ ಅನುಕ್ರಮ ಬರಿಯ ಊಹೆಯಿಂದ ಹುಟ್ಟಿದ್ದಲ್ಲ. ಫ್ರಾನ್ಸ್‌ನ ಜಂಡಾರ್ಮರಿ ಎಂಬ ರಾಷ್ಟ್ರೀಯ ಪೊಲೀಸ್ ಪಡೆ 2005ರಲ್ಲಿ ತನ್ನ ಕಚೇರಿಗಳಿಗೆ ಓಪನ್‌ಆಫೀಸ್ ತಂದಿತು, ಅದರ ಬೆನ್ನಿಗೆ ಫೈರ್‌ಫಾಕ್ಸ್ ಮತ್ತು ಥಂಡರ್‌ಬರ್ಡ್ ಬಂದವು. ಉಬುಂಟು ಎಂಬ ಲಿನಕ್ಸ್ ಹಾಕಲು ಹೊರಟದ್ದು 2008ರಲ್ಲಿ. ಆ ಹೊತ್ತಿಗೆ ಸಿಬ್ಬಂದಿ ದಿನವಿಡೀ ಬಳಸುವ ತಂತ್ರಾಂಶಗಳು ಆಗಲೇ ಬದಲಾಗಿದ್ದವು, ಅವುಗಳ ಅಡಿಯಲ್ಲಿದ್ದ ವ್ಯವಸ್ಥೆ ಬದಲಾದದ್ದು ಅಷ್ಟು ದೊಡ್ಡ ಪೆಟ್ಟಾಗಲಿಲ್ಲ. ಹತ್ತಾರು ಸಾವಿರ ಯಂತ್ರಗಳಲ್ಲಿ ಆ ವ್ಯವಸ್ಥೆ ನೆಲೆನಿಂತಿತು. ಇದಕ್ಕೆ ವಿರುದ್ಧ ಸಾಕ್ಷ್ಯವಾಗಿ ಜರ್ಮನಿಯ ಮ್ಯೂನಿಕ್ ನಗರಾಡಳಿತವನ್ನು ತೋರಿಸುವವರಿದ್ದಾರೆ. 2003ರಲ್ಲಿ ಲಿನಕ್ಸಿಗೆ ಹೋಗಲು ತೀರ್ಮಾನಿಸಿ ಸುಮಾರು 15,000 ಯಂತ್ರಗಳನ್ನು ಬದಲಿಸಿದ ಆ ನಗರ 2017ರಲ್ಲಿ ವಿಂಡೋಸಿಗೆ ಮರಳಲು ಮತ ಹಾಕಿತು. ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಅಲ್ಲಿ ರಾಜಕೀಯದ ಬದಲಾವಣೆಯೂ ಇತ್ತು, ಹೊರಗಿನ ಕಚೇರಿಗಳೊಡನೆ ಫೈಲು ಹೊಂದದ ನಿತ್ಯದ ಕಿರಿಕಿರಿಯೂ ಇತ್ತು. ನಾವು ತೆಗೆದುಕೊಳ್ಳಬೇಕಾದ ಪಾಠ ಎರಡನೆಯದರಲ್ಲಿದೆ. ಫೈಲಿನ ಪ್ರಶ್ನೆ ಬಗೆಹರಿಯದೆ ಉಳಿದರೆ ಹದಿನಾಲ್ಕು ವರ್ಷದ ಕೆಲಸವೂ ಅಲುಗಾಡುತ್ತದೆ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ತಲಪಾಡಿ ದಾಟಿದರೆ ಮಂಜೇಶ್ವರ, ಕುಂಬಳೆ, ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಿವೆ. ಕೇರಳ ಸರ್ಕಾರದ ಐಟಿ ಅಟ್ ಸ್ಕೂಲ್ ಯೋಜನೆ, 2017ರಿಂದ ಕೈಟ್ ಎಂಬ ಸಂಸ್ಥೆಯಾಗಿ, ರಾಜ್ಯದ ಶಾಲಾ ಕಂಪ್ಯೂಟರ್ ಶಿಕ್ಷಣವನ್ನು ಪೂರ್ತಿಯಾಗಿ ಮುಕ್ತ ತಂತ್ರಾಂಶದ ಮೇಲೆ ನಡೆಸುತ್ತಿದೆ. ಉಬುಂಟು ಆಧಾರಿತ ತನ್ನದೇ ಲಿನಕ್ಸ್ ಆವೃತ್ತಿಯನ್ನು ಕೊಡುತ್ತದೆ, ಹತ್ತನೆಯ ತರಗತಿಯ ಐಟಿ ಪ್ರಾಯೋಗಿಕ ಪರೀಕ್ಷೆಯೂ ಅದರಲ್ಲೇ ನಡೆಯುತ್ತದೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಆ ವಿಷಯದ ಪಠ್ಯಪುಸ್ತಕ ಕನ್ನಡದಲ್ಲಿ ಸಿಗುತ್ತದೆ. ಲಿಬ್ರೆಆಫೀಸ್‌ನಲ್ಲಿ ಕಲಿತರೆ ಮುಂದೆ ಕೆಲಸಕ್ಕೆ ತೊಂದರೆಯಾಗುತ್ತದೆ ಎಂದು ಅಂಜುವ ಪೋಷಕರಿಗೆ, ಒಂದು ಇಡೀ ರಾಜ್ಯದ ಮಕ್ಕಳು ಹೀಗೆ ಕಲಿತು ಕಾಲೇಜಿಗೂ ನೌಕರಿಗೂ ಹೋಗಿದ್ದಾರೆ ಎಂಬುದಕ್ಕಿಂತ ದೊಡ್ಡ ಉತ್ತರ ಬೇಡ. ಒಂದು ವರ್ಡ್ ಪ್ರೊಸೆಸರ್ ಚೆನ್ನಾಗಿ ಕಲಿತ ಮಗುವಿಗೆ ಇನ್ನೊಂದನ್ನು ಕಲಿಯಲು ಹೆಚ್ಚು ದಿನ ಹಿಡಿಯುವುದಿಲ್ಲ. ಆದರೆ ಕೇರಳದಲ್ಲಿ ಪಠ್ಯ, ಶಿಕ್ಷಕರ ತರಬೇತಿ, ಪರೀಕ್ಷೆ, ದುರಸ್ತಿ ಎಲ್ಲವೂ ಒಂದೇ ಕೈಯಲ್ಲಿದ್ದವು. ಅದಕ್ಕಾಗಿಯೇ ಅಲ್ಲಿ ಇದು ಇಡೀ ರಾಜ್ಯದಲ್ಲಿ ಸಾಧ್ಯವಾಯಿತು. ನಮ್ಮಲ್ಲಿ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಜೊತೆ ಸೇರಿ ಶಿಕ್ಷಕರ ತರಬೇತಿಗೆ ಮುಕ್ತ ತಂತ್ರಾಂಶ ತಂದ ಪ್ರಯತ್ನಗಳು ನಡೆದಿವೆ, ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕ ಕಾಲೇಜುಗಳಲ್ಲಿ ಶಿಬಿರ ನಡೆಸುತ್ತ ಬಂದಿದೆ. ಅಂಗಡಿಯವರ, ಮನೆಯವರ ಬೆನ್ನಿಗೆ ಮಾತ್ರ ಅಂಥ ವ್ಯವಸ್ಥೆ ಇಲ್ಲ. ಅದಿಲ್ಲದವರು ಮೆಟ್ಟಿಲು ಮೆಟ್ಟಿಲಾಗಿ ಏರುವುದೇ ಕ್ಷೇಮ.

ಪ್ರೆಸ್ಸಿನವರ ಮಾತು ಬೇರೆ, ಅದನ್ನು ಬಿಚ್ಚಿ ಹೇಳಬೇಕು. ಇವತ್ತಿಗೂ ಹಲವು ಕಡೆ ಪೇಜ್‌ಮೇಕರ್ ಓಡುತ್ತಿದೆ. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದಕ್ಕೆ ಕನ್ನಡ ಯೂನಿಕೋಡ್ ತಿಳಿಯದು, ಹಾಗಾಗಿ ಪೇಜ್‌ಮೇಕರ್ ಇರುವಲ್ಲಿ ಹಳೆಯ ಫಾಂಟೂ ಇರಲೇಬೇಕು. ಮುಕ್ತ ತಂತ್ರಾಂಶಗಳ ಪೈಕಿ ಪುಟವಿನ್ಯಾಸಕ್ಕೆ ಸ್ಕ್ರೈಬಸ್ ಇದೆ. ಬಹಳ ಕಾಲ ಅದರಲ್ಲೂ ಕನ್ನಡದ ಒತ್ತಕ್ಷರಗಳು ಒಡೆದು ಬೀಳುತ್ತಿದ್ದವು, 1.5 ಸರಣಿಯಲ್ಲಿ ಭಾರತೀಯ ಲಿಪಿಗಳ ಜೋಡಣೆ ಸರಿಹೋಯಿತು, 2024ರಲ್ಲಿ ಸ್ಥಿರವಾದ 1.6 ಬಂತು. ಒಂದು ಹಾಳೆಯ ಕರಪತ್ರ, ಆಮಂತ್ರಣ, ಬಿಲ್ ಪುಸ್ತಕ ಇಂಥವನ್ನು ಸ್ಕ್ರೈಬಸ್ ಅಥವಾ ಇಂಕ್‌ಸ್ಕೇಪ್‌ನಲ್ಲಿ ಮಾಡಿ ಪಿಡಿಎಫ್ ತೆಗೆದು ಪ್ಲೇಟಿಗೆ ಕಳಿಸಬಹುದು. ನೂರಾರು ಪುಟದ ಸ್ಮರಣ ಸಂಚಿಕೆ, ನಾಲ್ಕು ಬಣ್ಣದ ದೊಡ್ಡ ಕೆಲಸ ಇರುವ ಪ್ರೆಸ್ಸು ಈಗಲೇ ಇದ್ದದ್ದನ್ನು ಬಿಟ್ಟುಬಿಡಬೇಕೆಂದು ಹೇಳಲಾಗದು. ಫೋಟೋಶಾಪ್‌ನಲ್ಲಿ ಕೈಪಳಗಿದ ಸ್ಟುಡಿಯೋದವರಿಗೂ ಇದೇ ಮಾತು: 2025ರ ಮಾರ್ಚಿನಲ್ಲಿ ಬಂದ ಗಿಂಪ್ 3.0 ಹಿಂದಿನದಕ್ಕಿಂತ ಎಷ್ಟೋ ಮೇಲು, ಪಾಸ್‌ಪೋರ್ಟ್ ಫೋಟೋ ಹಾಳೆಗೆ ಧಾರಾಳ ಸಾಕು, ಮದುವೆ ಆಲ್ಬಮ್ಮಿನ ಸಿದ್ಧ ಮಾದರಿಗಳಿಗೆ ಸಾಲದು.

ಎರಡು ಹಂತ ದಾಟಿ ಕೆಲವು ತಿಂಗಳು ಕಳೆದ ಮೇಲೆ ಮೂರನೆಯದಕ್ಕೆ ಬರಬಹುದು. ವಿಂಡೋಸ್ ಕಂಡವರಿಗೆ ಲಿನಕ್ಸ್ ಮಿಂಟ್ ಹೊಂದಿಕೊಳ್ಳಲು ಸುಲಭ. ಕೆಳಗೆ ಪಟ್ಟಿ, ಮೂಲೆಯಲ್ಲಿ ಮೆನು, ಎಲ್ಲ ಪರಿಚಿತ ಜಾಗದಲ್ಲೇ. ಅದಕ್ಕೆ ಕನಿಷ್ಠ 2 ಜಿಬಿ ರ‍್ಯಾಮ್ ಬೇಕು, ಹಾಯಾಗಿ ನಡೆಯಲು 4 ಜಿಬಿ. 2024ರ ಜುಲೈಯಲ್ಲಿ ಬಂದ 22ನೇ ಸರಣಿಗೆ 2029ರ ಏಪ್ರಿಲ್ ತನಕ ಅಪ್‌ಡೇಟ್ ಸಿಗುತ್ತದೆ. ಹಳೆಯ ಯಂತ್ರದ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಆಗುವ ವೇಗದ ವ್ಯತ್ಯಾಸ ಯಾವ ತಂತ್ರಾಂಶ ಬದಲಿಸಿದರೂ ಆಗದು, ತೆಗೆದ ಹಾರ್ಡ್ ಡಿಸ್ಕೇ ಹಳೆಯ ವಿಂಡೋಸ್ ಸಮೇತ ಒಂದು ಬ್ಯಾಕಪ್ ಆಗಿ ಉಳಿಯುತ್ತದೆ. ಹಾಕುವ ಮೊದಲು ಮಿಂಟನ್ನು ಪೆನ್ ಡ್ರೈವ್‌ಗೆ ಇಳಿಸಿ ಅದರಿಂದಲೇ ಕಂಪ್ಯೂಟರ್ ತೆರೆದು ನೋಡಬೇಕು. ಹಾರ್ಡ್ ಡಿಸ್ಕ್‌ಗೆ ಕೈಹಚ್ಚದೆ ವೈಫೈ, ಧ್ವನಿ, ವೆಬ್‌ಕ್ಯಾಮ್, ಸ್ಕ್ಯಾನರ್, ಪ್ರಿಂಟರ್ ಎಲ್ಲವನ್ನೂ ಪರೀಕ್ಷಿಸಬಹುದು. ಪ್ರಿಂಟರಿನಲ್ಲೇ ಹೆಚ್ಚು ಜನ ಸಿಕ್ಕಿಬೀಳುವುದು. ಎಚ್‌ಪಿಯ ಹೆಚ್ಚಿನ ಮಾದರಿಗಳು ಸಲೀಸಾಗಿ ನಡೆಯುತ್ತವೆ, ನೆಟ್‌ವರ್ಕ್ ಇರುವ ಹೊಸ ಪ್ರಿಂಟರುಗಳಿಗೆ ಬಹಳ ಕಡೆ ಡ್ರೈವರೇ ಬೇಡ. ಆದರೆ ನಮ್ಮ ಝೆರಾಕ್ಸ್ ಅಂಗಡಿಗಳ ನೆಚ್ಚಿನ ಕ್ಯಾನನ್ ಎಲ್‌ಬಿಪಿ 2900 ಲಿನಕ್ಸ್‌ನಲ್ಲಿ ತುಂಬ ಹಟಮಾರಿ. ಅದು ಬಳಸುವ ಕ್ಯಾಪ್ಟ್ ಎಂಬ ವಿಧಾನದ ಲಿನಕ್ಸ್ ಡ್ರೈವರ್ ಬಹಳ ಹಳೆಯದು, ಹಾಕಿದರೂ ನೆಚ್ಚಿಕೊಳ್ಳುವಂತಿಲ್ಲ. ದಿನಕ್ಕೆ ನೂರಾರು ಪ್ರತಿ ತೆಗೆಯುವ ಅಂಗಡಿಯಲ್ಲಿ ಆ ಪ್ರಿಂಟರ್ ಇರುವವರೆಗೆ ಅದಕ್ಕೆ ಜೋಡಿಸಿದ ಯಂತ್ರ ವಿಂಡೋಸ್‌ನಲ್ಲೇ ಇರಲಿ.

ವಿಂಡೋಸನ್ನೂ ಉಳಿಸಿಕೊಂಡು ಎರಡನ್ನೂ ಒಂದೇ ಯಂತ್ರದಲ್ಲಿ ಇಡುವವರು ಎರಡು ಸಂಗತಿ ನೋಡಬೇಕು. ವಿಂಡೋಸ್‌ನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ಅದು ಅರೆನಿದ್ದೆಯಲ್ಲೇ ಇರುತ್ತದೆ, ಆಗ ಲಿನಕ್ಸಿನಿಂದ ಆ ಡ್ರೈವಿನ ಫೈಲು ಓದಲಷ್ಟೇ ಬರುತ್ತದೆ, ಬರೆಯಲು ಬಾರದು. ಅದನ್ನು ಮೊದಲೇ ಆಫ್ ಮಾಡಬೇಕು. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇದ್ದರೆ ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳದೆ ಏನನ್ನೂ ಮುಟ್ಟಬಾರದು. ಮಿಂಟ್ ಹಾಕಿದ ದಿನವೇ ಟೈಮ್‌ಶಿಫ್ಟ್ ಎಂಬ ತಂತ್ರಾಂಶವನ್ನು ಸಜ್ಜುಗೊಳಿಸಿದರೆ, ಮುಂದೆ ಯಾವುದೋ ಅಪ್‌ಡೇಟಿನಿಂದ ಏನಾದರೂ ಕೆಟ್ಟರೂ ವ್ಯವಸ್ಥೆಯನ್ನು ಹಿಂದಿನ ದಿನದ ಸ್ಥಿತಿಗೆ ತರಬಹುದು. ಅದು ಕಾಪಾಡುವುದು ವ್ಯವಸ್ಥೆಯನ್ನು. ಸ್ವಂತ ಫೈಲುಗಳ ಬ್ಯಾಕಪ್ ಬೇರೆಯಾಗಿಯೇ ಇರಬೇಕು.

ವಿಂಡೋಸ್ ಬಿಡಲೇಬಾರದ ಮೇಜುಗಳೂ ಇವೆ. ಟ್ಯಾಲಿಯಲ್ಲಿ ಲೆಕ್ಕ ಬರೆದು ಆಡಿಟರಿಗೆ ಕೊಡುವವರು, ಆಧಾರ್ ಬೆರಳಚ್ಚು ಯಂತ್ರ ಇಟ್ಟು ಸರ್ಕಾರಿ ಸೇವೆ ಕೊಡುವ ಕೇಂದ್ರಗಳು, ಡಿಜಿಟಲ್ ಸಹಿಯ ಟೋಕನ್ ದಿನವೂ ಬಳಸುವವರು, ವೆಂಡರ್ ಹಾಕಿಕೊಟ್ಟ ಬ್ಯಾಂಕಿಂಗ್ ತಂತ್ರಾಂಶ ಇರುವ ಸಹಕಾರಿ ಸಂಘಗಳು ಈ ಪಟ್ಟಿಯಲ್ಲಿ ಬರುತ್ತವೆ. ಇವುಗಳ ಡ್ರೈವರು, ತಂತ್ರಾಂಶ, ಬೆಂಬಲ ಹೆಚ್ಚಿನಂಶ ವಿಂಡೋಸನ್ನೇ ನೆಚ್ಚಿಕೊಂಡಿವೆ. ವೈನ್ ಎಂಬ ತಂತ್ರಾಂಶ ಹಾಕಿ ಲಿನಕ್ಸ್‌ನಲ್ಲೇ ಟ್ಯಾಲಿ ಓಡಿಸಬಹುದೆಂಬ ಸಲಹೆಯನ್ನು ವ್ಯಾಪಾರದ ಲೆಕ್ಕಕ್ಕೆ ನಂಬುವುದು ಅವಿವೇಕ. ಇಂಥಲ್ಲಿ ಆ ಕೆಲಸಕ್ಕೆಂದೇ ಒಂದು ಪರವಾನಗಿ ಇರುವ ವಿಂಡೋಸ್ 11 ಯಂತ್ರ ಇಟ್ಟುಕೊಂಡು, ಟೈಪಿಂಗ್, ಅರ್ಜಿ ತುಂಬುವುದು, ಇಮೇಲ್, ಪ್ರಿಂಟಿಗೆ ಮುಂಚಿನ ತಿದ್ದುಪಡಿ ಇವನ್ನೆಲ್ಲ ಮಿಂಟ್ ಹಾಕಿದ ಹಳೆಯ ಯಂತ್ರಗಳಿಗೆ ಹಂಚಿದರೆ ಖರ್ಚು ಒಂದು ಕಂಪ್ಯೂಟರಿಗೆ ನಿಲ್ಲುತ್ತದೆ.

ಇನ್ನೂ ಒಂದು ಆಕ್ಷೇಪ ಉಳಿಯುತ್ತದೆ, ಬಹುಶಃ ಅದೇ ದೊಡ್ಡದು. ಕ್ರ್ಯಾಕ್ ಮಾಡಿದ ವಿಂಡೋಸ್, ಕ್ರ್ಯಾಕ್ ಮಾಡಿದ ಆಫೀಸ್ ಹೇಗೂ ಪುಕ್ಕಟೆ ಸಿಗುವಾಗ ಇಷ್ಟೆಲ್ಲ ತಾಪತ್ರಯ ಏಕೆ? ಕಾನೂನಿನ ಮಾತು ಬದಿಗಿರಲಿ. ಪರವಾನಗಿ ತಪ್ಪಿಸುವ ಆ ಸಣ್ಣ ತಂತ್ರಾಂಶವನ್ನು ಹಾಕುವಾಗ ಆ್ಯಂಟಿವೈರಸ್ ಆಫ್ ಮಾಡಿ ಎಂಬ ಸೂಚನೆ ಬರುತ್ತದೆ, ಯಾರೋ ಅಪರಿಚಿತರು ಬರೆದದ್ದಕ್ಕೆ ಇಡೀ ಯಂತ್ರದ ಅಧಿಕಾರ ಒಪ್ಪಿಸುತ್ತೇವೆ. ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನ ಡೌನ್‌ಲೋಡ್ ಫೋಲ್ಡರಿನಲ್ಲಿ ಇರುವುದು ಅಂಗಡಿಯವರ ಫೈಲು ಮಾತ್ರವಲ್ಲ, ಊರಿನವರ ಆಧಾರ್, ಪ್ಯಾನ್, ಪಾಸ್‌ಬುಕ್, ಅಂಕಪಟ್ಟಿ, ಪಹಣಿಯ ಪ್ರತಿಗಳು. ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ 2023ರಲ್ಲೇ ಬಂದಿದೆ. ಅದಕ್ಕಿಂತ ಮೊದಲು, ನಂಬಿ ಕೊಟ್ಟ ನೆರೆಕರೆಯವರ ಕಾಗದಪತ್ರ ಕಾಯುವುದು ಅಂಗಡಿಯವರ ಕರ್ತವ್ಯ. ಅಪ್‌ಡೇಟ್ ನಿಂತ, ಕ್ರ್ಯಾಕ್ ಹೊತ್ತ ಯಂತ್ರ ಅದಕ್ಕೆ ತಕ್ಕ ಜಾಗವಲ್ಲ. ಲಿನಕ್ಸ್ ಹಾಕಿದ ಮಾತ್ರಕ್ಕೆ ಈ ಫೈಲುಗಳು ಸುರಕ್ಷಿತವಾಗುವುದಿಲ್ಲ, ಕೆಲಸ ಮುಗಿದ ಮೇಲೆ ಅವನ್ನು ಅಳಿಸುವ ಅಭ್ಯಾಸವೂ ಬೇಕು.

ಕೆಟ್ಟರೆ ಸರಿಮಾಡುವವರು ಯಾರು ಎಂಬ ಚಿಂತೆಗೆ ಉಡುಪಿ–ಮಣಿಪಾಲದ ಸುತ್ತ ಇರುವವರು ಬೇರೆ ಊರಿನವರಿಗಿಂತ ಅದೃಷ್ಟವಂತರು. ಎಂಐಟಿಯಲ್ಲಿ ವಿದ್ಯಾರ್ಥಿಗಳದೇ ಲಿನಕ್ಸ್ ಬಳಗವಿದೆ, ಎಂಜಿನಿಯರಿಂಗ್ ಓದುವ ಮಕ್ಕಳು ಪರ್ಕಳದ ಮನೆಮನೆಗಳಲ್ಲೂ ಬಾಡಿಗೆಗಿದ್ದಾರೆ. ರ‍್ಯಾಮ್, ಡಿಸ್ಕ್, ಪವರ್ ಸಪ್ಲೈ ಕೆಟ್ಟರೆ ಪೇಟೆಯ ರಿಪೇರಿಯವರೇ ಸಾಕು, ಅದಕ್ಕೆ ಯಾವ ವ್ಯವಸ್ಥೆಯಾದರೂ ಒಂದೇ. ಬದಲಾವಣೆಗೆ ಹೊಂದುವ ಕಾಲ ತುಳುನಾಡಿನ ಆಟಿ ತಿಂಗಳು. ಶುಭಕಾರ್ಯಗಳಿಲ್ಲ, ಆಮಂತ್ರಣದ ಕೆಲಸ ಕಡಿಮೆ, ಜಾತ್ರೆ-ನೇಮಗಳ ಕರಪತ್ರದ ಗಡಿಬಿಡಿ ಮುಗಿದಿರುತ್ತದೆ. ಆ ತಿಂಗಳಲ್ಲಿ ಮಾದರಿ ಫೈಲುಗಳ ಪರಿವರ್ತನೆ ಮುಗಿಸಿ ಲಿಬ್ರೆಆಫೀಸ್ ಶುರು ಮಾಡಿದರೆ, ದೀಪಾವಳಿ ಕಳೆದು ಮದುವೆಯ ಕೆಲಸ ಬರುವ ಹೊತ್ತಿಗೆ ಕೈ ಕೂತಿರುತ್ತದೆ. ಮಿಂಟ್ ಹಾಕುವುದನ್ನು ಮುಂದಿನ ವರ್ಷದ ಆಟಿಗೆ ಇಟ್ಟುಕೊಳ್ಳಬಹುದು, ಅಲ್ಲಿಯ ತನಕ ಅಪ್‌ಡೇಟ್ ನಿಂತ ವಿಂಡೋಸ್ 10ರ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡಬಾರದು, ಊರಿನವರ ಕಾಗದಪತ್ರವನ್ನೂ ಇಡಬಾರದು. ಮಳೆಗಾಲವಾದ್ದರಿಂದ ಹಾಕುವ ದಿನ ಯುಪಿಎಸ್‌ನ ಬ್ಯಾಟರಿ ಒಮ್ಮೆ ನೋಡಿಕೊಳ್ಳಿ. ಡಿಸ್ಕಿನಲ್ಲಿ ಜಾಗ ಹಂಚುವ ಆ ಕೆಲವು ನಿಮಿಷ ಕರೆಂಟು ಹೋಗಬಾರದು.